ಕನ್ನಂಬಾಡಿ ತುಂಬಿದರೆ ಶ್ರೀರಂಗಪಟ್ಟಣಕ್ಕೆ ಎಚ್ಚರಿಕೆ ಏಕೆ?

ಮುಂಗಾರು ಜೋರಾದ ವರ್ಷಗಳಲ್ಲಿ ಎರಡು ಸುದ್ದಿಗಳು ಒಂದೇ ದಿನ ಅಕ್ಕಪಕ್ಕದಲ್ಲಿ ಅಚ್ಚಾಗುತ್ತವೆ. ಕನ್ನಂಬಾಡಿ ಕಟ್ಟೆ ಎಂದೇ ಹೆಸರಾದ ಕೃಷ್ಣರಾಜಸಾಗರ (ಕೆಆರ್‌ಎಸ್) ಭರ್ತಿಯಾಗಿದೆ, ಬಾಗಿನಕ್ಕೆ ಸಿದ್ಧತೆ ನಡೆದಿದೆ ಎಂಬುದು ಒಂದು. ಹೊರಹರಿವು ಹೆಚ್ಚಿಸಲಾಗಿದೆ, ನದಿಪಾತ್ರದ ಜನರು ಸುರಕ್ಷಿತ ಸ್ಥಳಗಳಿಗೆ ತೆರಳಬೇಕು ಎಂಬುದು ಇನ್ನೊಂದು. 2025ರಲ್ಲಿ ಜೂನ್ ಮುಗಿಯುವ ಮೊದಲೇ ಕಟ್ಟೆ ತುಂಬಿ, ಜೂನ್ 30ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಬಾಗಿನ ಅರ್ಪಿಸಿದರು. ಅಷ್ಟು ಬೇಗ ಕಟ್ಟೆ ತುಂಬುವುದು ತೀರ ಅಪರೂಪ. ಮಳೆಗಾಲದ ಮೊದಲ ತಿಂಗಳಲ್ಲೇ ಭರ್ತಿಯಾದ ಜಲಾಶಯ ಉಳಿದ ಮೂರು ತಿಂಗಳ ಮಳೆಯನ್ನು ಎಲ್ಲಿ ಹಿಡಿದಿಟ್ಟುಕೊಳ್ಳುತ್ತದೆ ಎಂಬ ಪ್ರಶ್ನೆ ಆ ಸಂಭ್ರಮದಲ್ಲಿ ಹೆಚ್ಚು ಕೇಳಿಬರಲಿಲ್ಲ.

ಓದುಗರಿಗೆ ಗೊಂದಲವಾಗುವುದು ಸಹಜ. ನೀರನ್ನು ಹಿಡಿಯಲೆಂದೇ ಕಟ್ಟಿದ ಅಣೆಕಟ್ಟೆಯ ಕೆಳಗಿನ ಊರಿಗೆ ಪ್ರವಾಹದ ಭಯ ಏಕೆ? ತಮಿಳುನಾಡಿಗೆ ನೀರು ಬಿಡಬಾರದೆಂದು ಬಂದ್ ಮಾಡಿದ ರಾಜ್ಯ ಮರುವರ್ಷವೇ ಲಕ್ಷ ಕ್ಯೂಸೆಕ್ ಹೊರಬಿಡುವುದು ಹೇಗೆ? ಹೊಳೆದಡದಲ್ಲಿ ಹೊಸ ಕಟ್ಟಡಗಳು ಏಳುತ್ತಿರುವ ಊರಿನಲ್ಲೇ ಹಳೆಯ ಮನೆಯ ಸೂರು ಸರಿಪಡಿಸಲು ದೆಹಲಿಯವರೆಗೂ ಹೋಗಬಹುದಾದ ಅನುಮತಿ ಏಕೆ ಬೇಕು? ಬೇರೆಬೇರೆಯಾಗಿ ಕಾಣುವ ಈ ಮೂರು ಪ್ರಶ್ನೆಗಳ ಬೇರು ಒಂದೇ. ಶ್ರೀರಂಗಪಟ್ಟಣ ಎಂಬ ಸಣ್ಣ ಪುರಸಭೆ ಕೂತಿರುವ ಜಾಗ ಎಂಥದ್ದು, ಆ ಜಾಗಕ್ಕೆ ಯಾರು ಯಾರು ಒಡೆಯರು ಎಂಬುದನ್ನು ಅರಿತರೆ ಮೂರಕ್ಕೂ ಉತ್ತರ ಸಿಗುತ್ತದೆ.

ಎರಡು ಕವಲಿನ ನಡುವಿನ ಊರು

ಶ್ರೀರಂಗಪಟ್ಟಣದ ಪಶ್ಚಿಮಕ್ಕೆ ಕಾವೇರಿ ಎರಡಾಗಿ ಸೀಳುತ್ತದೆ. ಉತ್ತರದ ಕವಲೂ ದಕ್ಷಿಣದ ಕವಲೂ ಊರನ್ನು ಬಳಸಿಕೊಂಡು ಹರಿದು ಗಂಜಾಮಿನ ಆಚೆ ಸಂಗಮದಲ್ಲಿ ಮತ್ತೆ ಒಂದಾಗುತ್ತವೆ. ನಡುವೆ ಉಳಿಯುವ ದ್ವೀಪದ ಉದ್ದ ಸುಮಾರು ಐದು ಕಿಲೋಮೀಟರ್, ಅಗಲ ಸುಮಾರು ಒಂದೂವರೆ ಕಿಲೋಮೀಟರ್. ಪಶ್ಚಿಮದ ತುದಿಯಲ್ಲಿ ಕೋಟೆಯೂ ರಂಗನಾಥಸ್ವಾಮಿ ದೇವಾಲಯವೂ ಇವೆ. ಪೂರ್ವದಲ್ಲಿ ಗಂಜಾಂ, ಟಿಪ್ಪುವಿನ ಸಮಾಧಿಯಿರುವ ಗುಂಬಜ್ ಮತ್ತು ನಿಮಿಷಾಂಬ ದೇವಾಲಯ ಇದ್ದರೆ, ನಡುವೆ ದರಿಯಾ ದೌಲತ್ ತೋಟ, ಗದ್ದೆ, ಕಬ್ಬು ಹಾಗೂ ತೆಂಗು ಇವೆ. ಹೆಸರಿಗೆ ಪಟ್ಟಣವಾದರೂ ಸುತ್ತಲಿನ ಬದುಕು ನಾಲೆ ನೀರಿನ ಬೇಸಾಯದ್ದೇ.

ಕನ್ನಂಬಾಡಿ ಕಟ್ಟೆ ಇರುವುದು ನದಿಯ ಮೇಲ್ಭಾಗದಲ್ಲಿ, ಹದಿನೈದು ಕಿಲೋಮೀಟರಿನ ಆಸುಪಾಸಿನಲ್ಲಿ. ಹೇಮಾವತಿಯೂ ಲಕ್ಷ್ಮಣತೀರ್ಥವೂ ಕಟ್ಟೆಯ ಹಿನ್ನೀರಿನಲ್ಲೇ ಕಾವೇರಿಯನ್ನು ಸೇರುತ್ತವೆ. ಕಬಿನಿ ಕೂಡುವುದು ಇನ್ನೂ ಕೆಳಗೆ, ತಿರುಮಕೂಡಲು ನರಸೀಪುರದಲ್ಲಿ. ಹೀಗಾಗಿ ಕಬಿನಿ ಎಷ್ಟೇ ಉಕ್ಕಿದರೂ ಶ್ರೀರಂಗಪಟ್ಟಣ ಮುಳುಗುವುದಿಲ್ಲ. ಕೊಡಗಿನಲ್ಲಿ ಮತ್ತು ಹೇಮಾವತಿಯ ಮಲೆನಾಡಿನಲ್ಲಿ ಬಿದ್ದ ಮಳೆಯಾದರೋ ಕೆಆರ್‌ಎಸ್ ಎಂಬ ಒಂದೇ ಬಾಗಿಲಿನ ಮೂಲಕ ಈ ದ್ವೀಪದ ಎರಡೂ ಮಗ್ಗುಲಿಗೆ ಬಂದು ತಲುಪುತ್ತದೆ. ನದಿಯ ದಡದ ಊರಿಗೆ ನೀರು ಒಂದು ಕಡೆಯಿಂದ ಏರಿದರೆ ಜನ ಇನ್ನೊಂದು ಕಡೆಗೆ ಸರಿಯಬಹುದು. ದ್ವೀಪದ ಊರಿಗೆ ಆ ಸೌಕರ್ಯವಿಲ್ಲ, ಹೊರಗೆ ಹೋಗಲು ಸೇತುವೆಯೇ ಬೇಕು.

ಹೊಳೆಯನ್ನು ನಂಬಿ ಕಟ್ಟಿದ ಕೋಟೆ

ಇಂಥ ಜಾಗದಲ್ಲಿ ರಾಜಧಾನಿ ಕಟ್ಟಿದ್ದು ತಿಳಿಯದೆ ಅಲ್ಲ, ತಿಳಿದೇ. ಕ್ರಿ.ಶ. 894ರಲ್ಲಿ ಗಂಗರ ಕಾಲದ ತಿರುಮಲಯ್ಯ ರಂಗನಾಥನ ಗುಡಿ ಕಟ್ಟಿಸಿದನೆಂದು ಹೇಳುತ್ತಾರೆ. ಶಿವನಸಮುದ್ರವನ್ನು ಮಧ್ಯರಂಗ, ತಮಿಳುನಾಡಿನ ಶ್ರೀರಂಗವನ್ನು ಅಂತ್ಯರಂಗ ಎಂದು ಕರೆಯುವ ಭಕ್ತರಿಗೆ ಇದು ಆದಿರಂಗ. ಮೂರೂ ಕಾವೇರಿಯ ದ್ವೀಪಗಳೇ. ವಿಜಯನಗರದ ಅರಸರ ಕಾಲದಲ್ಲಿ, ಹದಿನೈದನೆಯ ಶತಮಾನದ ನಡುವಿನಲ್ಲಿ ಇಲ್ಲಿ ಕೋಟೆ ಎದ್ದಿತು. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಪಟ್ಟಣವನ್ನು ವಶಪಡಿಸಿಕೊಂಡ ಮೇಲೆ, 1799ರವರೆಗೆ ಮೈಸೂರು ಸಂಸ್ಥಾನದ ಅಧಿಕಾರ ಇಲ್ಲಿಂದಲೇ ನಡೆಯಿತು.

ಆ ಎರಡು ಶತಮಾನಗಳಲ್ಲಿ ಹೊಳೆಯೇ ಊರಿನ ಹೊರಗೋಡೆಯಾಗಿತ್ತು. ಮಳೆಗಾಲದಲ್ಲಿ ಕಾವೇರಿ ತುಂಬಿದರೆ ಮುತ್ತಿಗೆ ಹಾಕಿದ ಸೈನ್ಯಕ್ಕೆ ದಾರಿಯಿಲ್ಲ. 1791ರ ಮೇ ತಿಂಗಳಲ್ಲಿ ಅರಕೆರೆಯವರೆಗೆ ಬಂದಿದ್ದ ಇಂಗ್ಲಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಮಳೆ, ಆಹಾರದ ಅಭಾವ ಮತ್ತು ಸಾಯುತ್ತಿದ್ದ ಎತ್ತುಗಳ ಕಾರಣ ಭಾರವಾದ ಫಿರಂಗಿಗಳನ್ನು ತಾನೇ ನಾಶಮಾಡಿ ಹಿಂದಿರುಗಬೇಕಾಯಿತು. ಎಂಟು ವರ್ಷಗಳ ನಂತರ ಇಂಗ್ಲಿಷರು ಆ ಪಾಠವನ್ನು ಮರೆಯಲಿಲ್ಲ. ಮುಂಗಾರು ಇಳಿಯುವ ಮೊದಲೇ ಕೆಲಸ ಮುಗಿಸಬೇಕೆಂದು ಧಾವಿಸಿದ ಅವರು 1799ರ ಮೇ 4ರ ಮಧ್ಯಾಹ್ನ, ಬಂಡೆಗಳು ಎದ್ದು ಕಾಣುತ್ತಿದ್ದ ಬೇಸಿಗೆಯ ನದಿಪಾತ್ರವನ್ನು ದಾಟಿ, ಒಡೆದ ಗೋಡೆಯ ಸಂದಿನಿಂದ ನುಗ್ಗಿದರು. ಟಿಪ್ಪು ಅಂದೇ ಕೊನೆಯುಸಿರೆಳೆದನು. ಕೆಲವು ವಾರ ತಡವಾಗಿದ್ದರೆ ಹೊಳೆ ಅಡ್ಡ ಬರುತ್ತಿತ್ತು.

ಇಂದಿನ ಎರಡು ಸಮಸ್ಯೆಗಳೂ ಈ ಚರಿತ್ರೆಯಲ್ಲೇ ಹುಟ್ಟಿದವು. ಊರನ್ನು ಕಾಯಲೆಂದು ಆಯ್ದ ನೀರೇ ಊರನ್ನು ಕಟ್ಟಿಹಾಕಿದೆ. ಇಲ್ಲಿ ನಡೆದ ಕಾಳಗಗಳ ಗುರುತುಗಳೇ ಈಗ ಸಂರಕ್ಷಿತ ಸ್ಮಾರಕಗಳಾಗಿ ಊರಿನ ನೆಲವನ್ನು ಹಂಚಿಕೊಂಡಿವೆ.

ರಾಜಧಾನಿ ಹೋದ ಮೇಲೆ

1799ರ ನಂತರ ರಾಜಧಾನಿ ಮೈಸೂರಿಗೆ ಹೋಯಿತು. ದ್ವೀಪವನ್ನು ಇಂಗ್ಲಿಷರು ತಮ್ಮಲ್ಲೇ ಉಳಿಸಿಕೊಂಡು, ವರ್ಷಕ್ಕೆ 50,000 ರೂಪಾಯಿ ಗುತ್ತಿಗೆಗೆ ಮೈಸೂರು ಸಂಸ್ಥಾನಕ್ಕೆ ಕೊಟ್ಟರು. ಅದು ಪೂರ್ಣವಾಗಿ ಸಂಸ್ಥಾನಕ್ಕೆ ಮರಳಿದ್ದು 1881ರಲ್ಲಿ, ಬೆಂಗಳೂರಿನ ದಂಡು ಪ್ರದೇಶವನ್ನು ಬ್ರಿಟಿಷರಿಗೆ ಬಿಟ್ಟುಕೊಟ್ಟ ಏರ್ಪಾಡಿನ ಭಾಗವಾಗಿ. ಅಷ್ಟರೊಳಗೆ ಜ್ವರದ ಕಾಟಕ್ಕೆ ಹೆದರಿ ಸೈನ್ಯವೂ ಬೆಂಗಳೂರಿಗೆ ಹೊರಟುಹೋಗಿತ್ತು. 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಸಮೀಕ್ಷೆಗೆಂದು ಬುಕಾನನ್ ಬಂದಾಗ ಇಲ್ಲಿ ಸುಮಾರು 32,000 ಜನರಿದ್ದರು. 1901ರ ಜನಗಣತಿಯ ಹೊತ್ತಿಗೆ ಉಳಿದವರು ಎಂಟೂವರೆ ಸಾವಿರದ ಆಸುಪಾಸು. 2001ರಲ್ಲಿ ಕೂಡ ಸಂಖ್ಯೆ 23,000 ಚಿಲ್ಲರೆ ಮಾತ್ರ. ಅಂದರೆ ಎರಡು ನೂರು ವರ್ಷಗಳಾದರೂ ಊರು ತನ್ನ ಹಳೆಯ ಜನಸಂಖ್ಯೆಯನ್ನು ಮುಟ್ಟಿರಲಿಲ್ಲ. ದೊಡ್ಡ ರಾಜಧಾನಿಯ ಅವಶೇಷಗಳನ್ನು ಸಣ್ಣ ಊರೊಂದು ಹೊತ್ತು ನಿಂತಿದೆ ಎಂಬುದನ್ನು ಪುರಸಭೆಯ ಹಣಕಾಸಿನ ಚರ್ಚೆಯಲ್ಲಿ ನೆನಪಿಡಬೇಕು.

ಒಂದು ಲಕ್ಷ ಕ್ಯೂಸೆಕ್ ಎಂದರೆ ಎಷ್ಟು?

ಸುದ್ದಿಯಲ್ಲಿ ಬರುವ ಸಂಖ್ಯೆಗಳು ಎರಡು ಬಗೆಯವು. ಟಿಎಂಸಿ ಎಂದರೆ ನೀರಿನ ಮೊತ್ತ, ನೂರು ಕೋಟಿ ಘನ ಅಡಿ. ಕ್ಯೂಸೆಕ್ ಎಂದರೆ ಹರಿವಿನ ವೇಗ, ಸೆಕೆಂಡಿಗೆ ಒಂದು ಘನ ಅಡಿ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಕೂಡಿಸದಿದ್ದರೆ ಗೊಂದಲ ತಪ್ಪಿದ್ದಲ್ಲ. ಒಂದು ದಿನಕ್ಕೆ 86,400 ಸೆಕೆಂಡು. ಆದ್ದರಿಂದ ಒಂದು ಲಕ್ಷ ಕ್ಯೂಸೆಕ್ ಹರಿವು ಇಡೀ ದಿನ ನಡೆದರೆ 8.64 ಟಿಎಂಸಿ ನೀರು ಹೋಗುತ್ತದೆ.

ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80 ಅಡಿ, ಸಂಗ್ರಹ ಸಾಮರ್ಥ್ಯ 49.45 ಟಿಎಂಸಿ. ಒಂದು ಲಕ್ಷ ಕ್ಯೂಸೆಕ್ ಒಳಹರಿವು ಬಿಡುವಿಲ್ಲದೆ ಬಂದರೆ ಬರಿದಾದ ಕಟ್ಟೆಯೂ ಆರು ದಿನಕ್ಕೆ ಮೊದಲೇ ತುಂಬುತ್ತದೆ. ಮೇಲಿನ ಮಟ್ಟದಲ್ಲಿ ಒಂದಡಿ ಎಂದರೆ ಹೆಚ್ಚುಕಡಿಮೆ ಒಂದೂವರೆ ಟಿಎಂಸಿ. ಅಷ್ಟು ಜಾಗ ತುಂಬಲು ನಾಲ್ಕು ಗಂಟೆ ಸಾಕು. ಮೇಲೆ ಹಾರಂಗಿ ಇದೆ, ಗೊರೂರಿನಲ್ಲಿ ಹೇಮಾವತಿ ಜಲಾಶಯವಿದೆ. ಮಳೆಗಾಲದ ಆರಂಭದಲ್ಲಿ ಅವೂ ನೀರನ್ನು ತಡೆಯುತ್ತವೆ. ಅವು ತುಂಬಿದ ಮೇಲೆ ಅಲ್ಲಿಂದ ಹೊರಬಿಟ್ಟ ನೀರೂ ಇಲ್ಲಿಗೇ ಬರುತ್ತದೆ. ಮೂರೂ ಒಟ್ಟಿಗೆ ತುಂಬಿದ ವಾರದಲ್ಲಿ ಕೆಆರ್‌ಎಸ್ ಎಂಜಿನಿಯರುಗಳಿಗೆ ಉಳಿಯುವುದು ಒಂದೇ ಮಾರ್ಗ: ಬಂದಷ್ಟನ್ನು ಬಿಡುವುದು. ಆಗ ಕಟ್ಟೆ ನೀರನ್ನು ತಡೆಯುವುದಿಲ್ಲ, ದಾಟಿಸುತ್ತದೆ. ಶ್ರೀರಂಗಪಟ್ಟಣದ ದಡಕ್ಕೆ ಕೆಲವೇ ಗಂಟೆಗಳಲ್ಲಿ ಆ ನೀರು ಬರುತ್ತದೆ.

2019ರ ಆಗಸ್ಟ್‌ನಲ್ಲಿ, 2024ರ ಆಗಸ್ಟ್‌ನ ಮೊದಲ ದಿನಗಳಲ್ಲಿ ಹೊರಹರಿವು ಲಕ್ಷ ಕ್ಯೂಸೆಕ್ ದಾಟಿತ್ತು. ಅಂಥ ಹರಿವಿನಲ್ಲಿ ಏನಾಗುತ್ತದೆಂದು ಹತ್ತಿರದಿಂದ ನೋಡಬೇಕು. ಮೊದಲು ಮುಳುಗುವುದು ನಿಮಿಷಾಂಬ ದೇವಾಲಯದ ಎದುರಿನ ಸ್ನಾನಘಟ್ಟದ ಮೆಟ್ಟಿಲು. ಸಂಗಮ, ಗೋಸಾಯಿ ಘಾಟ್, ಅಸ್ಥಿ ವಿಸರ್ಜನೆ ನಡೆಯುವ ಪಶ್ಚಿಮವಾಹಿನಿಗಳಲ್ಲಿ ನೀರಿಗಿಳಿಯುವುದನ್ನು ನಿಷೇಧಿಸಲಾಗುತ್ತದೆ. ರಂಗನತಿಟ್ಟಿನಲ್ಲಿ ದೋಣಿ ವಿಹಾರ ನಿಲ್ಲುತ್ತದೆ. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ ಪೂರ್ಣಗೊಂಡ ವೆಲ್ಲೆಸ್ಲಿ ಸೇತುವೆಯ ಕಲ್ಲುಕಂಬಗಳ ಸಾಲು ನೀರಿನಲ್ಲಿ ಮರೆಯಾಗತೊಡಗಿದಾಗ ಅದರ ಮೇಲೆ ಸಂಚಾರ ನಿಲ್ಲಿಸುತ್ತಾರೆ. ಇವೆಲ್ಲ ಕಣ್ಣಿಗೆ ಕಾಣುವಂಥವು. ಕಾಣದ ತೊಂದರೆ ಚರಂಡಿಗಳದು. ಊರಿನ ನೀರು ಇಳಿಜಾರಿನಲ್ಲಿ ಹೊಳೆಗೆ ಸೇರಬೇಕು. ಹೊಳೆಯ ಮಟ್ಟವೇ ಚರಂಡಿಯ ಬಾಯಿಗಿಂತ ಮೇಲೇರಿದರೆ ಕೊಳಚೆ ಹಿಂದಕ್ಕೆ ತಳ್ಳಲ್ಪಟ್ಟು ತಗ್ಗಿನ ಮನೆಗಳ ಅಂಗಳಕ್ಕೆ ಬರುತ್ತದೆ. ದಡ ಮೀರದ ಪ್ರವಾಹವೂ ಊರೊಳಗೆ ಬರುವ ದಾರಿ ಇದು.

ತಮಿಳುನಾಡಿಗೆ ಬಿಟ್ಟ ನೀರು, ತಾನೇ ಹೋದ ನೀರು

2023ರಲ್ಲಿ ಮಳೆ ಕೈಕೊಟ್ಟಿತು, ಕಟ್ಟೆ ತುಂಬಲಿಲ್ಲ. ಸೆಪ್ಟೆಂಬರ್‌ನಲ್ಲಿ ಹದಿನೈದು ದಿನ ತಲಾ 5,000 ಕ್ಯೂಸೆಕ್ ಬಿಡಬೇಕೆಂಬ ಆದೇಶಕ್ಕೆ ಮಂಡ್ಯ ಸಿಡಿದೆದ್ದಿತು; 26ರಂದು ಬೆಂಗಳೂರು ಬಂದ್, 29ರಂದು ಕರ್ನಾಟಕ ಬಂದ್ ನಡೆದವು. ಲೆಕ್ಕ ಹಾಕಿದರೆ ಆ ಆದೇಶದ ಒಟ್ಟು ನೀರು 6.48 ಟಿಎಂಸಿ. ಮರುವರ್ಷ ಪ್ರವಾಹದ ಒಂದೇ ದಿನದಲ್ಲಿ ಅದಕ್ಕಿಂತ ಹೆಚ್ಚು ನೀರು ಕೆಳಗೆ ಹೋಯಿತು. ಇದರಲ್ಲಿ ವಿರೋಧಾಭಾಸವೇನೂ ಇಲ್ಲ. 2018ರ ಫೆಬ್ರವರಿ 16ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಸಾಮಾನ್ಯ ವರ್ಷದಲ್ಲಿ ಎರಡು ರಾಜ್ಯಗಳ ಗಡಿಯ ಅಳತೆ ಕೇಂದ್ರವಾದ ಬಿಳಿಗುಂಡ್ಲುವಿನಲ್ಲಿ 177.25 ಟಿಎಂಸಿ ಹರಿಯಬೇಕು. ಅದರಲ್ಲಿ ಜುಲೈ ಪಾಲು 31.24, ಆಗಸ್ಟ್ ಪಾಲು 45.95. ಒಳ್ಳೆಯ ಮಳೆಯ ವರ್ಷದಲ್ಲಿ ಪ್ರವಾಹದ ನೀರೇ ಈ ಪಾಲನ್ನು ಮುಗಿಸಿಬಿಡುತ್ತದೆ. ಕೊರತೆಯ ವರ್ಷದಲ್ಲಿ ಮಾತ್ರ ಸಂಗ್ರಹದಿಂದ ತೆಗೆದು ಕೊಡಬೇಕಾಗುತ್ತದೆ, ಜಗಳ ಹುಟ್ಟುವುದು ಅಲ್ಲಿ.

ಆದರೆ 2023ರ ನೆನಪು ಕಟ್ಟೆ ನಿರ್ವಹಿಸುವವರ ಮನಸ್ಸಿನ ಮೇಲೆ ಮಾಡಿದ ಪರಿಣಾಮ ದೊಡ್ಡದು. ಒಮ್ಮೆ ಬರಿದಾಗಿ ಬೈಗುಳ ತಿಂದ ಕಟ್ಟೆಯನ್ನು ಮುಂದಿನ ವರ್ಷ ಆದಷ್ಟು ಬೇಗ ತುಂಬಿಸಬೇಕೆಂದು ಎಲ್ಲರೂ ಬಯಸುತ್ತಾರೆ.

ತುಂಬಿಸಬೇಕೇ, ಜಾಗ ಬಿಡಬೇಕೇ?

ಇಲ್ಲಿ ಎರಡು ನಿಲುವುಗಳು ಎದುರಾಗುತ್ತವೆ. ವಿಶ್ವೇಶ್ವರಯ್ಯ ನಾಲೆಯ ರೈತರ, ಮೈಸೂರು ಮತ್ತು ಬೆಂಗಳೂರಿನ ಕುಡಿಯುವ ನೀರಿನ ದೃಷ್ಟಿಯಿಂದ, ಬಂದ ನೀರನ್ನು ಹಿಡಿಯದೆ ಬಿಡುವುದು ಅಪರಾಧದಂತೆ ಕಾಣುತ್ತದೆ. ಬೆಂಗಳೂರಿಗೆ ದಿನಕ್ಕೆ 775 ದಶಲಕ್ಷ ಲೀಟರ್ ಹೆಚ್ಚುವರಿ ನೀರು ತರುವ ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಆರಂಭವಾದ ಮೇಲೆ ಈ ಒತ್ತಡ ಇನ್ನೂ ಹೆಚ್ಚಿದೆ. 1911ರಿಂದ 1932ರವರೆಗೆ ಕಟ್ಟಿದ ಈ ಅಣೆಕಟ್ಟೆಯ ಉದ್ದೇಶವೇ ನೀರಾವರಿ ಮತ್ತು ಶಿವನಸಮುದ್ರದ ವಿದ್ಯುತ್ತಿಗೆ ನೀರು ಒದಗಿಸುವುದು. ಪ್ರವಾಹ ತಡೆಯುವುದು ಅದರ ಮುಖ್ಯ ಕೆಲಸವಾಗಿರಲಿಲ್ಲ. ಹೊಳೆದಡದವರ ವಾದ ಬೇರೆ: ಜುಲೈ ಆಗಸ್ಟ್‌ನಲ್ಲಿ ಕಟ್ಟೆಯನ್ನು ಅಂಚಿನವರೆಗೆ ತುಂಬಿಸದೆ ಸ್ವಲ್ಪ ಜಾಗ ಉಳಿಸಿಕೊಂಡರೆ ಒಮ್ಮೆಲೇ ಲಕ್ಷ ಕ್ಯೂಸೆಕ್ ಬಿಡುವ ಸ್ಥಿತಿ ಬರುವುದಿಲ್ಲ.

ಎರಡರಲ್ಲಿ ಯಾವುದು ಸರಿ ಎಂಬುದಕ್ಕೆ ಅಂಕಗಣಿತ ಸ್ವಲ್ಪ ಬೆಳಕು ಚೆಲ್ಲುತ್ತದೆ. ಹತ್ತು ಟಿಎಂಸಿ ಜಾಗ ಖಾಲಿ ಇದೆ, ಒಳಹರಿವು ಒಂದು ಲಕ್ಷ, ಹೊರಹರಿವನ್ನು ಐವತ್ತು ಸಾವಿರಕ್ಕೆ ಹಿಡಿದಿಡಲಾಗಿದೆ ಎಂದಿಟ್ಟುಕೊಳ್ಳೋಣ. ದಿನಕ್ಕೆ 4.32 ಟಿಎಂಸಿಯಂತೆ ಆ ಜಾಗ ಎರಡು ದಿನ ಕಳೆದು ಕೆಲವು ಗಂಟೆಗಳಿಗೆ ತುಂಬಿಹೋಗುತ್ತದೆ. ಕೊಡಗಿನ ಬಿರುಸು ಮಳೆ ಎರಡು ದಿನದ್ದಾದರೆ ಊರು ಉಳಿಯಿತು, ವಾರದ್ದಾದರೆ ಇಲ್ಲ. ಅದಕ್ಕೆ ಪ್ರತಿಯಾಗಿ ತೆರುವ ಬೆಲೆ ಕಟ್ಟೆಯ ಸಾಮರ್ಥ್ಯದ ಐದನೇ ಒಂದು ಭಾಗ, ಅದೂ ಸೆಪ್ಟೆಂಬರ್‌ನಲ್ಲಿ ಮಳೆ ಬರುತ್ತದೆಂಬ ಖಾತರಿಯಿಲ್ಲದೆ. ಆದ್ದರಿಂದ ಕಟ್ಟೆಯನ್ನು ಖಾಲಿ ಇಟ್ಟೇ ಪ್ರವಾಹ ತಪ್ಪಿಸಬಹುದೆಂಬ ಮಾತು ಪೂರ್ತಿ ನಂಬತಕ್ಕದ್ದಲ್ಲ. ಜೂನ್‌ನಲ್ಲೇ ಪೂರ್ತಿ ತುಂಬಿಸುವುದು ಮಾತ್ರ ಬೇರೆಯೇ ವಿಷಯ. ಮುಂದೆ ಮೂರು ತಿಂಗಳ ಮಳೆ ಬಾಕಿ ಇರುವಾಗ ಕೆಲವು ಅಡಿ ಜಾಗ ಬಿಟ್ಟರೆ ಆಗುವ ನಷ್ಟ ಕಡಿಮೆ, ಲಾಭ ಹೆಚ್ಚು. ಮಳೆ ಮುನ್ಸೂಚನೆ ನೋಡಿಕೊಂಡು ಮೊದಲೇ, ನಿಧಾನವಾಗಿ ನೀರು ಬಿಡುತ್ತ ಬರುವುದು ಎರಡೂ ಕಡೆಯವರಿಗೆ ಒಪ್ಪಿಗೆಯಾಗಬಲ್ಲ ದಾರಿ. ನಿರ್ಧಾರ ಕಾವೇರಿ ನೀರಾವರಿ ನಿಗಮದ್ದು. ಅದರಲ್ಲಿ ಪುರಸಭೆಗೆ ಮತವಿಲ್ಲ.

ನೂರು ಮೀಟರಿನ ಗೆರೆ

ಹೊಳೆಯಿಂದ ದೂರ ಸರಿದು ಮನೆ ಕಟ್ಟಿಕೊಳ್ಳಬಾರದೇಕೆ ಎಂದು ಕೇಳಬಹುದು. ಅಲ್ಲಿ ಇನ್ನೊಂದು ಗೆರೆ ಇದೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಮಾಡಿದ ತಿದ್ದುಪಡಿಯ ಪ್ರಕಾರ ಕೇಂದ್ರ ಸಂರಕ್ಷಿತ ಸ್ಮಾರಕದ ಮೇರೆಯಿಂದ 100 ಮೀಟರ್ ನಿಷೇಧಿತ ಪ್ರದೇಶ. ಅಲ್ಲಿ ಹೊಸ ಕಟ್ಟಡ ಸಾಧ್ಯವೇ ಇಲ್ಲ, ಇದ್ದ ಮನೆಯ ದುರಸ್ತಿಗೂ ಅನುಮತಿ ಬೇಕು. ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಅಲ್ಲಿ ಕಟ್ಟಲು ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಶಿಫಾರಸು ಬೇಕಾಗುತ್ತದೆ.

ಸ್ಮಾರಕವನ್ನು ಬರಿಯ ಬಿಂದುವೆಂದು ಎಣಿಸಿದರೂ 300 ಮೀಟರ್ ತ್ರಿಜ್ಯದ ವೃತ್ತದೊಳಗೆ ಸುಮಾರು 70 ಎಕರೆ ಬರುತ್ತದೆ. ಶ್ರೀರಂಗಪಟ್ಟಣದಲ್ಲಿ ಸಂರಕ್ಷಿತ ಸ್ಥಳಗಳು ಒಂದೆರಡಲ್ಲ: ರಂಗನಾಥಸ್ವಾಮಿ ದೇವಾಲಯ, ಜುಮ್ಮಾ ಮಸೀದಿ, ದರಿಯಾ ದೌಲತ್, ಗುಂಬಜ್, ಬಂದೀಖಾನೆಗಳು, ಟಿಪ್ಪುವಿನ ದೇಹ ಸಿಕ್ಕ ಜಾಗ, ಗೋಡೆ ಒಡೆದ ಸ್ಥಳದ ಬಳಿಯ ಕೋಟೆ. ಗೋಡೆ ಬಿಂದುವಲ್ಲ, ಉದ್ದನೆಯ ಗೆರೆ; ಅದರ ಉದ್ದಕ್ಕೂ ನಿಷೇಧ ಪ್ರದೇಶವೂ ಸಾಗುತ್ತದೆ. ಐದು ಕಿಲೋಮೀಟರ್ ಉದ್ದದ ದ್ವೀಪದ ನಕ್ಷೆಯ ಮೇಲೆ ಈ ವೃತ್ತಗಳನ್ನು ಎಳೆದರೆ, ಮುಖ್ಯವಾಗಿ ಕೋಟೆಯೊಳಗಿನ ಊರಿನಲ್ಲಿ, ಒಂದರೊಳಗೊಂದು ಹೆಣೆದುಕೊಳ್ಳುತ್ತವೆ.

ಪುರಾತತ್ವ ಇಲಾಖೆಯ ಪಕ್ಷಕ್ಕೆ ಬಲವಾದ ಕಾರಣಗಳಿವೆ. ದ್ವೀಪದ ಸ್ಮಾರಕಗಳು 2014ರಿಂದ ಯುನೆಸ್ಕೋದ ತಾತ್ಕಾಲಿಕ ಪಟ್ಟಿಯಲ್ಲಿವೆ. ಸುತ್ತ ಬಹುಮಹಡಿ ಕಟ್ಟಡಗಳೆದ್ದರೆ ಆ ಬೆಲೆ ಉಳಿಯುವುದಿಲ್ಲ. ನಿವಾಸಿಗಳ ಅಳಲೂ ಸುಳ್ಳಲ್ಲ. ಅಜ್ಜನ ಕಾಲದ ಹೆಂಚಿನ ಮನೆ ಸೋರತೊಡಗಿದಾಗ, ಒಂದು ಗೋಡೆ ಕುಸಿದಾಗ, ಅರ್ಜಿ ಹಿಡಿದು ಓಡಾಡುವ ಕುಟುಂಬಕ್ಕೆ ಮಳೆಗಾಲ ಕಾಯುವುದಿಲ್ಲ. ಸರ್ಕಾರದ ದೊಡ್ಡ ಯೋಜನೆಗೆ ದಾರಿ ಸಿಕ್ಕ ಉದಾಹರಣೆ ಅವರ ಕಣ್ಣೆದುರೇ ಇದೆ. ಬೆಂಗಳೂರು–ಮೈಸೂರು ಜೋಡಿ ರೈಲುಹಳಿಗೆ ಅಡ್ಡವಿದ್ದ ಟಿಪ್ಪು ಕಾಲದ ಮದ್ದಿನ ಮನೆಯನ್ನು 2017ರಲ್ಲಿ ಕೆಡವದೆ, ಅಡಿಪಾಯಸಮೇತ ಎತ್ತಿ, ಹಳಿಗಳ ಮೇಲೆ ಜಾರಿಸಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಲಾಯಿತು. ಅದು ಎಂಜಿನಿಯರಿಂಗಿನ ಸಾಧನೆ, ಸ್ಮಾರಕವೂ ಉಳಿಯಿತು. ಅಷ್ಟು ಕಾಳಜಿ ಮತ್ತು ಹಣದ ಸಣ್ಣ ಪಾಲು ಜನ ವಾಸಿಸುವ ಹಳೆಯ ಮನೆಗಳ ದುರಸ್ತಿಗೂ ಸಿಗಬೇಕಿತ್ತು.

ಕೋಟೆಯೊಳಗೆ ಕಟ್ಟಲಾಗದ ಒತ್ತಡ ಹೊರಕ್ಕೆ ಹೊರಳುತ್ತದೆ. ಹೊರಗೆ ಉಳಿದಿರುವುದು ಗದ್ದೆ ಮತ್ತು ಹೊಳೆದಡ. ಅಂದರೆ ಸ್ಮಾರಕಗಳನ್ನು ಕಾಯುವ ಕಾಯ್ದೆ ತನಗರಿವಿಲ್ಲದೆಯೇ ಕಟ್ಟಡಗಳನ್ನು ನೀರಿನ ಕಡೆಗೆ ತಳ್ಳುತ್ತದೆ. ಎರಡೂ ಗೆರೆಗಳನ್ನು ಬೇರೆಬೇರೆ ಇಲಾಖೆಗಳು ಬೇರೆಬೇರೆ ನಕ್ಷೆಯಲ್ಲಿ ಎಳೆಯುವುದರಿಂದ ಈ ಸಂಬಂಧ ಯಾವ ಕಡತದಲ್ಲೂ ಕಾಣುವುದಿಲ್ಲ.

ಪುರಸಭೆಯ ಪಾಲಿಗೆ ಉಳಿಯುವುದು

ಸಂವಿಧಾನದ ಹನ್ನೆರಡನೇ ಅನುಸೂಚಿ ನಗರ ಸ್ಥಳೀಯ ಸಂಸ್ಥೆಗಳಿಗೆ 18 ವಿಷಯಗಳನ್ನು ಹೆಸರಿಸಿದೆ. ಆದರೆ ಶ್ರೀರಂಗಪಟ್ಟಣದ ಮಟ್ಟಿಗೆ ಮುಖ್ಯವಾದ ನಿರ್ಧಾರಗಳು ಬೇರೆಯವರ ಕೈಯಲ್ಲಿವೆ. ನೀರು ಬಿಡುವುದು ನಿಗಮ, ವಿಪತ್ತು ನಿರ್ವಹಣೆಗೆ ಜಿಲ್ಲಾಧಿಕಾರಿ, ಸ್ಮಾರಕಕ್ಕೆ ಪುರಾತತ್ವ ಇಲಾಖೆ, ಮಹಾಯೋಜನೆಗೆ ಯೋಜನಾ ಪ್ರಾಧಿಕಾರ. ಪ್ರವಾಹ ಇಳಿದ ಮೇಲೆ ಘಟ್ಟದ ಕೆಸರು ಬಳಿಯುವುದು, ಹೂತ ಚರಂಡಿ ಬಿಡಿಸುವುದು, ಪ್ರವಾಸಿಗರ ಕಸ ಎತ್ತುವುದು, ಶೌಚಾಲಯ ನೋಡಿಕೊಳ್ಳುವುದು ಮಾತ್ರ ಪುರಸಭೆಯದೇ.

ಇದಕ್ಕೆ ಹಣ ಎಲ್ಲಿಂದ? ಸಂವಿಧಾನದ 285ನೇ ವಿಧಿಯಂತೆ ಕೇಂದ್ರದ ಆಸ್ತಿಗೆ ತೆರಿಗೆ ಹಾಕುವಂತಿಲ್ಲ. ದರಿಯಾ ದೌಲತ್‌ನ ಪ್ರವೇಶ ಶುಲ್ಕ ಪುರಾತತ್ವ ಇಲಾಖೆಗೆ ಹೋಗುತ್ತದೆ. ಪೂಜಾಸ್ಥಳಗಳಿಗೂ ತೆರಿಗೆ ವಿನಾಯಿತಿ, ಮುಜರಾಯಿ ದೇವಾಲಯಗಳ ಹುಂಡಿ ದೇವಾಲಯಗಳಿಗೇ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಗೊಂಡ ದಶಪಥ ಹೆದ್ದಾರಿಯ ಬೈಪಾಸ್ ದಾರಿಹೋಕರನ್ನು ಊರಾಚೆಯೇ ಸಾಗಿಸುತ್ತದೆ. ಊರಿಗೆ ಬರುವ ಯಾತ್ರಿಕರಿಂದ ವೆಚ್ಚ ಪುರಸಭೆಗೆ, ಆದಾಯ ಬಹುಪಾಲು ಬೇರೆಡೆಗೆ. ಇಂಥ ಪುರಸಭೆ ದಡದ ಒತ್ತುವರಿ ತಡೆಯಲಿಲ್ಲವೆಂದು ದೂರುವುದು ಸುಲಭ, ತಡೆಯಲು ಬೇಕಾದ ಅಳತೆಗಾರರನ್ನೂ ವಕೀಲರನ್ನೂ ಅದು ಎಲ್ಲಿಂದ ತರಬೇಕೆಂದು ಹೇಳುವುದು ಕಷ್ಟ.

ಮುಂದೇನಾಗಬಹುದು?

2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಹಳೆಯ ಅಣೆಕಟ್ಟೆಗಳಿಗೂ ತುರ್ತು ಕ್ರಿಯಾಯೋಜನೆ ಸಿದ್ಧಪಡಿಸಲು ಐದು ವರ್ಷಗಳ ಗಡುವು ಕೊಟ್ಟಿತು. ಕಾಯ್ದೆ ಜಾರಿಯಾದದ್ದು 2021ರ ಡಿಸೆಂಬರ್ ಕೊನೆಯಲ್ಲಿ. ಅಂಥ ಯೋಜನೆಗೆ ಯಾವ ಹರಿವಿನಲ್ಲಿ ಯಾವ ಜಾಗ ಎಷ್ಟು ಮುಳುಗುತ್ತದೆಂಬ ನಕ್ಷೆಯೇ ಆಧಾರ. ಅದು ಎಂಜಿನಿಯರುಗಳ ಕಪಾಟಿನಲ್ಲಿ ಉಳಿದರೆ ಈಗಿನ ಸ್ಥಿತಿಯೇ ಮುಂದುವರಿಯುತ್ತದೆ: ಧ್ವನಿವರ್ಧಕದ ಎಚ್ಚರಿಕೆ, ಮುಳುಗಿದ ಘಟ್ಟ, ಇಳಿದ ಮೇಲೆ ಪರಿಹಾರದ ಅರ್ಜಿ. ಪುರಸಭೆಯ ಕಟ್ಟಡ ಪರವಾನಗಿ ವಿಭಾಗಕ್ಕೆ ಅದು ಸಿಕ್ಕರೆ, ಮುಳುಗುವ ನೆಲದಲ್ಲಿ ಪರವಾನಗಿ ನಿರಾಕರಿಸಲು ಮುಖ್ಯಾಧಿಕಾರಿಗೆ ಮೊದಲ ಬಾರಿಗೆ ಗಟ್ಟಿ ದಾಖಲೆಯೊಂದು ಇರುತ್ತದೆ.

ಯುನೆಸ್ಕೋದ ತಾತ್ಕಾಲಿಕ ಪಟ್ಟಿಯಿಂದ ಮುಂದಿನ ಹಂತಕ್ಕೆ ಹೋಗಬೇಕಾದರೂ ಸ್ಮಾರಕಗಳ ಸುತ್ತಣ ರಕ್ಷಣಾ ವಲಯದ ನಕ್ಷೆ ಮತ್ತು ನಿರ್ವಹಣಾ ಯೋಜನೆ ಬೇಕೇ ಬೇಕು. ಮುಳುಗಡೆ ನಕ್ಷೆಯನ್ನೂ ಸ್ಮಾರಕ ವಲಯದ ನಕ್ಷೆಯನ್ನೂ ಒಂದರ ಮೇಲೊಂದು ಇಟ್ಟು ನೋಡಿದರೆ, ಎರಡೂ ಗೆರೆಗಳ ಹೊರಗೆ ಉಳಿದ, ಮನೆ ಕಟ್ಟಲು ಯೋಗ್ಯವಾದ ನೆಲ ದ್ವೀಪದ ಮೇಲೆ ಎಷ್ಟಿದೆ ಎಂಬುದು ಎಕರೆ ಲೆಕ್ಕದಲ್ಲಿ ತಿಳಿಯುತ್ತದೆ. ಆ ನೆಲ ಸಾಲದೆಂದು ಕಂಡುಬಂದರೆ ಹೊಳೆಯ ಆಚೆ ಬಡಾವಣೆಗೆ ಜಾಗ ಹುಡುಕುವ ಕೆಲಸವನ್ನು ಯೋಜನಾ ಪ್ರಾಧಿಕಾರ ಕೈಗೆತ್ತಿಕೊಳ್ಳಬೇಕಾಗುತ್ತದೆ. ಕೋಟೆಯೊಳಗಿನ ಹಳೆಯ ಮನೆಗಳ ದುರಸ್ತಿ ಅರ್ಜಿಗಳನ್ನು ಮಳೆಗಾಲಕ್ಕೆ ಮೊದಲೇ ಒಟ್ಟಾಗಿ ತೀರ್ಮಾನಿಸುವ ಏರ್ಪಾಡನ್ನು ಪುರಾತತ್ವ ಇಲಾಖೆ ಒಪ್ಪಿಕೊಳ್ಳಬೇಕಾಗುತ್ತದೆ.